ಬೆಳ್ಯಾಕ ಬಿಟ್ಟ ತೋಳು

ನನ್ನ ಎಡಗೈಯ ಕಿರುಬೆರಳು ಮತ್ತು ಉಂಗುರ ಬೆರಳು ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ. ರೋಗ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟ ಕಾಗದ ನನ್ನ ಟ್ರಂಕಿನಲ್ಲಿದೆ. ರೋಗ ನಿಂತಿತು, ಬೆರಳು ಹಾಗೆಯೇ ಉಳಿದವು.

ನನಗೆ ಬಂದದ್ದು ಕುಷ್ಠ. ನಮ್ಮ ಕಡೆ ಮಹಾರೋಗ ಎನ್ನುತ್ತಾರೆ. ಈ ಹೆಸರನ್ನು ಮೊದಲೇ ಬರೆದುಬಿಡುತ್ತೇನೆ, ಬಾಯಿಂದ ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಇದನ್ನು ಓದುವವರಲ್ಲಿ ಯಾರಿಗಾದರೂ ಈ ಹೆಸರು ಹೊಸದಾಗಿ ಗಂಟು ಬಿದ್ದಿದ್ದರೆ, ಅವರಿಗೆ ಔಷಧದ ವಿಷಯ ಹೇಳುವುದು ನನ್ನ ಕೆಲಸವಲ್ಲ. ನಾನು ಹೇಳಬೇಕಾದದ್ದು ಬಬಲೇಶ್ವರದ ಒಬ್ಬ ಮುದುಕ ದರ್ಜಿಯ ವಿಷಯ. ಆತನ ಹೆಸರು ಬಂದಗಿಸಾಬ. ನಮಗೆಲ್ಲ ಬಂದಗಿ ಅಜ್ಜ.

ನಾನು ಪುಣೆಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವನು. ಸಾಕ್ಷಿ ಇಲ್ಲದ್ದನ್ನು ನಂಬಬಾರದು ಎಂದು ಕಲಿತು ಬಂದು, ಊರಿನ ಹಿರಿಯರ ತಲೆ ತಿಂದವನು. ಈ ಬರಹಕ್ಕೆ ಸಾಕ್ಷಿ ಇರುವುದು ನನ್ನ ನೆನಪು ಒಂದೇ. ಆ ಸಾಕ್ಷಿ ಒಮ್ಮೆ ನನಗೆ ಕೈ ಕೊಟ್ಟಿದೆ. ಹಾಗಾಗಿ ಎಲ್ಲಿ ಖಾತ್ರಿ ಇಲ್ಲವೋ ಅಲ್ಲಿ ಹಾಗೆಂದೇ ಬರೆಯುತ್ತೇನೆ.

ಎರಡನೆಯ ಮಹಾಯುದ್ಧದ ಕಾಲ. ಅರಿವೆ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ಕಂಟ್ರೋಲು. ನಾನು ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೆ. ಅಥಣಿ ರಸ್ತೆಯ ಕಡೆ ಒಂದು ಖೋಲಿ ಹಿಡಿದಿದ್ದೆ. ಒಂದು ಬೆಳಿಗ್ಗೆ ಚಹದ ಅಂಗಡಿಯಲ್ಲಿ ನಿಂತು, ಹಿತ್ತಾಳೆ ಲೋಟವನ್ನು ಎಡಗೈಯಲ್ಲಿ ಹಿಡಿದು, ಪೇಪರು ಓದುತ್ತಿದ್ದೆ. ಅಂಗಡಿಯವನು ಕೂಗಿದ.

"ಮಾಸ್ತರ, ಕೈ! ಕೈ ಸುಡ್ತೈತ್ರಿ!"

"ಇಲ್ಲಪಾ, ಆರೈತಿ," ಎಂದೆ.

"ಆರಿಲ್ರಿ, ಈಗ ಸುರುವೀನಿ."

ಲೋಟ ಕೆಳಗಿಟ್ಟು ನೋಡಿದರೆ ಕಿರುಬೆರಳಿನ ಬುಡದಲ್ಲಿ ಬೊಬ್ಬೆ ಎದ್ದಿತ್ತು. ನೋವಿರಲಿಲ್ಲ. ನೋವಿಲ್ಲ ಎಂಬುದು ಒಳ್ಳೆಯ ಸುದ್ದಿ ಎಂದೇ ಒಂದು ವಾರ ತಿಳಿದುಕೊಂಡಿದ್ದೆ.

ಸೊಲ್ಲಾಪುರ ರಸ್ತೆಯಲ್ಲಿ ಊರು ಮುಗಿದ ಮೇಲೆ ಒಂದು ದವಾಖಾನೆ ಇತ್ತು. ಮಂಗಳವಾರ ಮಾತ್ರ ನಮ್ಮಂಥವರಿಗೆ. ಬೊಬ್ಬೆ ಒಡೆದರೂ ನೋಯದಿದ್ದಾಗ ಅಲ್ಲಿಗೆ ಹೋದೆ. ಡಾಕ್ಟರು ಹತ್ತಿಯನ್ನು ಬತ್ತಿಯ ಹಾಗೆ ಹೊಸೆದು, ನನ್ನ ಕಣ್ಣು ಮುಚ್ಚಿಸಿ, ಕೈಯ ಮೇಲೆ ಅಲ್ಲಲ್ಲಿ ಮುಟ್ಟಿಸುತ್ತ, "ಮುಟ್ಟಿದಲ್ಲಿ ಬೆರಳಿಡ್ರಿ," ಎಂದರು. ನಾನು ಬೆರಳಿಟ್ಟೆ. ಕಣ್ಣು ತೆರೆದಾಗ ಅವರು ಬರೆದುಕೊಳ್ಳುತ್ತಿದ್ದರು. ಎಡ ಮಣಿಕಟ್ಟಿನ ಮೇಲೆ ಇದ್ದ, ಹುಟ್ಟಿನಿಂದ ಬಂದದ್ದೆಂದು ನಾನು ತಿಳಿದಿದ್ದ ಬಿಳಚು ಮಚ್ಚೆಯ ಸುತ್ತ ನೀಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಆ ಗೆರೆಯೊಳಗೆ ನಾನು ಒಮ್ಮೆಯೂ ಬೆರಳಿಟ್ಟಿರಲಿಲ್ಲ.

ಹೆಸರು ಹೇಳಿದಾಗ ನನಗೆ ಏನೂ ಆಗಲಿಲ್ಲ. ಕೈಯ ಹಾಗೆಯೇ ಮನಸ್ಸಿಗೂ ಯಾರೋ ಗೆರೆ ಎಳೆದಿದ್ದಾರೆ ಅನಿಸಿತು. ಹೊರಗೆ ಬೇವಿನ ಮರದ ಕೆಳಗೆ ಸರತಿ ಕಾಯುವವರ ಜೊತೆ ಕುಳಿತೆ. ಅಲ್ಲಿ ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. ಪ್ರತಿಯೊಬ್ಬರೂ ಮೈಯ ಒಂದೊಂದು ಭಾಗವನ್ನು ಮರೆಮಾಡಿ ಕುಳಿತಿರುತ್ತಾರೆ; ಕೆಲವರು ಕಿವಿ, ಕೆಲವರು ಪಾದ. ಪಕ್ಕದಲ್ಲಿದ್ದ ಒಬ್ಬ ಗಡ್ಡದ ರೈತ ನನ್ನ ಕೋಟು ನೋಡಿ ಮಾತಿಗೆಳೆದ.

"ಸಾಲಿ ಕಲಿತಾವ್ರು ಕಾಣ್ತೀರಿ. ಎಷ್ಟ್ ಕಡೆ ಐತ್ರಿ?"

"ಒಂದು."

"ನನಗ ಮೂರು. ನಾ ನಿಮಗಿಂತ ಹಿರ್ಯಾ ಆದ್ನಿ." ಮತ್ತೆ ಹೇಳಿದ, "ಮಹಾರೋಗ ಅಂತ. ನಮ್ಮ ಮನಿತನಕ್ಕ 'ಮಹಾ' ಅಂಬೂದು ಬಂದದ್ದ ಇದ ಮೊದಲ ನೋಡ್ರಿ."

ಮರದ ಕೆಳಗಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ದಿನ ನನಗೆ ಸಿಕ್ಕ ಕರುಣೆ ಅದೊಂದೇ.

ಎರಡನೆಯ ಮಂಗಳವಾರ ಡಾಕ್ಟರು ಒಂದು ಅಚ್ಚಾದ ಕಾಗದ ತೆಗೆದರು. ಮನೆಯಲ್ಲಿ ಯಾರಿಗಾದರೂ ಇತ್ತೇ, ನೆರೆಹೊರೆಯಲ್ಲಿ ಇತ್ತೇ, ಸಣ್ಣವನಿದ್ದಾಗ ಇಂಥ ರೋಗದವರ ಸಂಗಡ ಬಹಳ ದಿನ ಇದ್ದೆನೇ. ನಾನು ಇಲ್ಲ, ಇಲ್ಲ ಎನ್ನುತ್ತ ಹೋದೆ.

"ಅವಸರ ಮಾಡಬ್ಯಾಡ್ರಿ. ಎತ್ತಿಕೊಂಡು ಆಡಿಸಿದವರು, ಸಂಗಡ ಉಂಡವರು. ಚುಚ್ಚಿದ್ರ, ಸುಟ್ರ ಗೊತ್ತಾಗದವರು ಯಾರರೆ?"

ಆಗ ಬಂದಗಿ ಅಜ್ಜನ ಬೆರಳು ನೆನಪಿಗೆ ಬಂದವು.

ನನ್ನ ಅವ್ವನ ತವರು ಬಬಲೇಶ್ವರ. ಅವ್ವನ ಅಪ್ಪ ಮತ್ತು ಬಂದಗಿ ಅಜ್ಜ ಚಿಕ್ಕಂದಿನ ಗೆಳೆಯರು. ಅವ್ವನನ್ನು ತಿಕೋಟಾಕ್ಕೆ ಕೊಟ್ಟಾಗ, ಮಗಳ ಮನೆಯ ಅರಿವೆಯನ್ನೆಲ್ಲ ನೀನೇ ಹೊಲಿಯಬೇಕೆಂದು ಅವಳ ಅಪ್ಪ ಗೆಳೆಯನಿಗೆ ಹೇಳಿದ್ದನಂತೆ. ಅವಳ ಅಪ್ಪ ತೀರಿಕೊಂಡ ಮೇಲೂ ಗೆಳೆಯ ಮಾತು ನಡೆಸಿದ. ವರ್ಷಕ್ಕೊಮ್ಮೆ, ದೀಪಾವಳಿಯ ಮುಂಚೆ, ಚಕ್ಕಡಿಯಲ್ಲಿ ಹೊಲಿಗೆ ಮಷೀನು ಹೇರಿಕೊಂಡು ಬಂದು, ನಮ್ಮ ಪಡಸಾಲೆಯಲ್ಲಿ ಹದಿನೈದು ದಿನ ಕೂತು ಹೊಲಿಯುತ್ತಿದ್ದ. ಅವನ ಊಟಕ್ಕೆ ಪಡಸಾಲೆಯ ಗೂಡಿನಲ್ಲಿ ಬೇರೆ ಗಂಗಾಳ ಇತ್ತು. ಆಗಿನ ಮನೆಗಳಲ್ಲಿ ಹಾಗೆಯೇ. ನಾನು ಅಡುಗೆಮನೆಯ ಗಂಗಾಳ ಬಿಟ್ಟು ಅವನ ಗಂಗಾಳದಲ್ಲೇ ಕೈ ಹಾಕುತ್ತಿದ್ದೆ. ಅವ್ವ ಬೈದರೆ, "ಬಿಡ್ ಮಗಳ, ನಂದ ಮೈಲಿಗಿ ಆತು ಅಂತ ನಾ ಏನರೆ ಅಂದ್ನೇನು?" ಎನ್ನುತ್ತಿದ್ದ.

ಅವನ ಕೆಲಸಕ್ಕೆ ಒಂದು ಕೊರತೆ ಇತ್ತು. ನನ್ನ ಅಂಗಿಯ ಎಡತೋಳು ಬಲತೋಳಿಗಿಂತ ಯಾವಾಗಲೂ ನಾಲ್ಕು ಬೆರಳು ಉದ್ದ. ಉಳಿದವರೆಲ್ಲರ ಅಳತೆ ಕೂದಲಷ್ಟೂ ತಪ್ಪುತ್ತಿರಲಿಲ್ಲ, ನನ್ನದು ಪ್ರತಿ ವರ್ಷ ತಪ್ಪುತ್ತಿತ್ತು. ಅವ್ವ ತೋಳು ಹಿಡಿದು ಜಗಳ ತೆಗೆಯುತ್ತಿದ್ದಳು.

"ಕಾಕಾ, ಮತ್ತ ಎಡಗಡೆ ಉದ್ದ ಮಾಡೀರಲ್ರಿ!"

"ಬೆಳ್ಯಾಕ ಬಿಟ್ಟೀನಿ, ಮಗಳ."

"ಒಂದ ಕೈ ಬೆಳೀತೈತೇನ್ರಿ ಹುಡುಗಂದು?"

"ಹುಡುಗೂರ ಮೈ, ಯಾವ ಕಡೆ ಬೆಳೀತೈತಿ ಯಾರ್ ಹೇಳ್ಯಾರು?"

ಬೆಳೆಯುವ ಮಕ್ಕಳ ಅರಿವೆಗೆ ಒಳಗೆ ಒಂದಿಷ್ಟು ಮಡಚಿ ಬಿಡುವುದು ನಮ್ಮ ಕಡೆಯ ದರ್ಜಿಗಳ ಪದ್ಧತಿಯೇ. ಆದರೆ ಹೊರಗೆ, ಒಂದೇ ಕಡೆ? ಅಜ್ಜನಿಗೆ ಕಣ್ಣು ಮಂದವಾಗಿದೆ ಎಂದು ಮನೆಯವರು ತೀರ್ಮಾನ ಮಾಡಿದರು. ಸಾಲೆಯಲ್ಲಿ ನನಗೆ "ಉದ್ದತೋಳ್ಯಾ" ಎಂದು ಹೆಸರು ಬಿತ್ತು. ಬೇಸಿಗೆಯಲ್ಲಿ ಉಳಿದ ಹುಡುಗರು ಅರ್ಧ ತೋಳಿನಲ್ಲಿ ತಿರುಗುವಾಗ ನಾನು ಬೆರಳ ತುದಿಯವರೆಗೆ ಮುಚ್ಚಿಕೊಂಡು ಬೆವರುತ್ತಿದ್ದೆ.

ಡಾಕ್ಟರ ಎದುರು ನನಗೆ ನೆನಪಾದದ್ದು ಮಾತ್ರ ತೋಳಲ್ಲ, ಸೂಜಿಯ ಆಟ. ಅಜ್ಜ ಸೂಜಿ ತೆಗೆದು ತನ್ನ ತೋರುಬೆರಳಿನ ತುದಿಗೆ ಚುಚ್ಚಿಕೊಳ್ಳುತ್ತಿದ್ದ. ಒಂದು ಹನಿ ರಕ್ತ ಬರುತ್ತಿತ್ತು. ಅವನು ನಗುತ್ತಿದ್ದ. "ನೋಡ್ಲೇ, ನನಗೂ ನೋವಿಲ್ಲ." ಮತ್ತೊಮ್ಮೆ ಚುಚ್ಚಿ, ಮತ್ತೆ ನಗುತ್ತಿದ್ದ. ನಾನೂ ನಗುತ್ತಿದ್ದೆ. ಇದು ಮಾತ್ರ ನೆನಪಿನಲ್ಲಿ ಕಡೆದು ನಿಲ್ಲಿಸಿದ ಹಾಗೆ ಇತ್ತು. ಇದರ ಹಿಂದೆ ಏನಿತ್ತು, ಮುಂದೆ ಏನಾಯಿತು, ಏನೂ ಇರಲಿಲ್ಲ.

ನಾನು ಇದನ್ನು ಡಾಕ್ಟರಿಗೆ ಹೇಳಿದೆ. ವಿವರವಾಗಿ, ಕ್ರಮವಾಗಿ, ಕ್ಲಾಸಿನಲ್ಲಿ ಪಾಠ ಹೇಳುವ ಹಾಗೆ. ಒಂದೇ ಗಂಗಾಳದ ಊಟವನ್ನೂ ಸೇರಿಸಿದೆ. ಹೇಳುವಾಗ ನನಗೆ ಒಂದು ರೀತಿಯ ಸಮಾಧಾನವೂ ಆಯಿತೆಂದು ಒಪ್ಪಿಕೊಳ್ಳಬೇಕು. ಕಾರಣ ಸಿಕ್ಕಿದರೆ ಓದಿದವನಿಗೆ ಅರ್ಧ ರೋಗ ವಾಸಿಯಾದ ಹಾಗೆ. ದರ್ಜಿಗಳ ಬೆರಳು ಜಡ್ಡುಗಟ್ಟಿರುತ್ತವೆ ಎಂಬುದು ನನಗೆ ಹೊಳೆಯಲಿಲ್ಲ ಎಂದಲ್ಲ, ಹೊಳೆಯಿತು. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

"ಅವಗ ಇರಬಹುದು," ಎಂದೆ.

ಅಚ್ಚಾದ ಕಾಗದದಲ್ಲಿ 'ಇರಬಹುದು' ಎಂಬುದಕ್ಕೆ ಜಾಗವಿರಲಿಲ್ಲ. ಹೆಸರು, ಊರು, ಉದ್ಯೋಗ. ಡಾಕ್ಟರು ಬರೆದುಕೊಂಡರು.

ಅವ್ವ ತಿಕೋಟಾದಿಂದ ಬಂದು ನನ್ನ ಜೊತೆ ಖೋಲಿಯಲ್ಲಿ ಉಳಿದಳು. ರೋಗದ ಹೆಸರನ್ನು ಅವಳು ಕಡೆಯ ತನಕ ಹೇಳಲಿಲ್ಲ, "ಕೈದು", ಅಂದರೆ ಕೈಯದು, ಎನ್ನುತ್ತಿದ್ದಳು. "ಇವತ್ತ ನಿನ್ನ ಕೈದು ಸೂಜಿ ಐತಿ," ಎಂದು ಮಂಗಳವಾರ ನೆನಪು ಮಾಡುತ್ತಿದ್ದಳು. ಎಣ್ಣೆಯ ಸೂಜಿ ಅದು. ಮಚ್ಚೆಯ ಸುತ್ತ ಒಂದೊಂದೇ ಬೊಟ್ಟಿನ ಹಾಗೆ ಚುಚ್ಚಿ ಎಣ್ಣೆ ಬಿಡುತ್ತಿದ್ದರು. ಅಂಚಿನಲ್ಲಿ ಪ್ರಾಣ ಹೋಗುವ ನೋವು, ನಡುವೆ ಏನೂ ಇಲ್ಲ. ಮನೆಗೆ ಬಂದ ಮೇಲೆ ಅವ್ವ ತನ್ನ ಬೆರಳಿನಿಂದ ಮಚ್ಚೆಯ ನಡುವೆ ಒತ್ತಿ, "ಈಗ?" ಎನ್ನುತ್ತಿದ್ದಳು. ನಾನು ಇಲ್ಲ ಎನ್ನುತ್ತಿದ್ದೆ. ಸ್ವಲ್ಪ ಸರಿಸಿ, "ಈಗ?" ಇಲ್ಲ. ದಿನಾ ಇದು ನಡೆಯಿತು. ಎಂದೋ ಒಮ್ಮೆ ಹೌದೆಂದು ಸುಳ್ಳು ಹೇಳಿದೆ. ಅಂದು ಹಬ್ಬದ ಹಾಗೆ ಹುಗ್ಗಿ ಮಾಡಿದಳು.

ಮಗನ ಗಂಗಾಳ ಬೇರೆ ಮಾಡೆಂದು ಹತ್ತಿರದ ನೆಂಟರು ಹೇಳಿ ಕಳಿಸಿದ್ದರು. ನನಗೆ ನಡೆದಿದ್ದ ಮದುವೆಯ ಮಾತು ನಿಂತಿತ್ತು. ಒಂದು ದಿನ ಅವ್ವ ಊರಿಗೆ ಹೋಗಿ ಬರುವಾಗ ಬಂದಗಿ ಅಜ್ಜನ ಹಳೆಯ ಗಂಗಾಳ ತಂದಳು. "ಮನ್ಯಾಗ ಬ್ಯಾರೆ ಅಂತ ಇದ್ದದ್ದು ಇದೊಂದ," ಎಂದಳು. ನಾನು ಅದರಲ್ಲಿ ಉಂಡೆ. ಅವನ ಹೆಸರನ್ನು ನಾನು ಬರೆಸಿದ್ದು ಅವಳಿಗೆ ಗೊತ್ತಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಒಂದು ಮಂಗಳವಾರ ಡಾಕ್ಟರು ಸೂಜಿ ಹಾಕುತ್ತಲೇ ಹೇಳಿದರು.

"ನಿಮ್ಮ ದರ್ಜೀನ್ನ ನಮ್ಮವರು ಹೋಗಿ ನೋಡಿ ಬಂದ್ರು. ಏನೂ ಇಲ್ಲ. ಬೆರಳು ಜಡ್ಡಾಗ್ಯಾವ, ಅಷ್ಟ. ನಿಮಗ ಎಲ್ಲಿಂದ ಬಂತೋ, ಗೊತ್ತಾಗಂಗಿಲ್ಲ ಬಿಡ್ರಿ."

ಎಲ್ಲಿಂದ ಬಂತೋ ಇವತ್ತಿಗೂ ಗೊತ್ತಿಲ್ಲ.

ಮರುದಿನ ಇದ್ದಿಲಿನಿಂದ ಓಡುವ ಬಸ್ಸು ಹಿಡಿದು ಬಬಲೇಶ್ವರಕ್ಕೆ ಹೋದೆ. ರೇಷನ್ ಕಾರ್ಡಿನ ಮೇಲೆ ಸಿಕ್ಕ ಮೂರು ಗಜ ಕೋರಾ ಅರಿವೆ ಚೀಲದಲ್ಲಿತ್ತು. ಬರಿಗೈಯಲ್ಲಿ ಹೋಗಲು ಆಗಲಿಲ್ಲ. ಬಸ್ಸಿಳಿದು, ದರ್ಜಿ ಬಂದಗಿಸಾಬನ ಮನೆ ಅಲ್ಲೇ ಇದೆಯೇ ಎಂದು ಒಬ್ಬನನ್ನು ಕೇಳಿದೆ. "ಅರಿವಿ ಕೊಡಾಕ ಬಂದೀರೇನು?" ಎಂದು ನನ್ನ ಚೀಲ ನೋಡಿದ. "ಬ್ಯಾರೇದವರ ಕಡೆ ಕೊಡ್ರಿ. ಆ ಮುದುಕನ್ನ ನೋಡಾಕ ಸರಕಾರದವರು ಬಂದಿದ್ರು."

ಅಜ್ಜ ಕಟ್ಟೆಯ ಮೇಲೆ ಕುಳಿತಿದ್ದ. ಹಿಂದೆ ಬಾಗಿಲ ಒಳಗೆ ಮಷೀನಿನ ಮೇಲೆ ಗೋಣಿತಟ್ಟು ಹೊದಿಸಿತ್ತು. ಮುಖ ಸಣ್ಣದಾಗಿತ್ತು. ನಾನು ಅಜ್ಜಾ ಎಂದಾಗ ದನಿಯಿಂದ ಗುರುತಿಸಿದ.

"ಗುರ್ಯಾ ಏನ್ಲೇ? ಬಾ. ಅವ್ವ ಅರಾಮದಾಳ?"

"ಅರಾಮದಾಳ್ರಿ."

"ಕೈ ತೋರ್ಸು."

ಅವನೇ ನನ್ನ ಎಡಗೈ ಎಳೆದುಕೊಂಡು, ಗುಂಡಿ ಬಿಚ್ಚಿ, ತೋಳು ಏರಿಸಿದ. ಕಣ್ಣಿನ ಹತ್ತಿರ ಹಿಡಿದು ನೋಡಿದ. ಎಣ್ಣೆ ಸೂಜಿಯ ಕಪ್ಪು ಚುಕ್ಕೆಗಳ ಮೇಲೆ ಹೆಬ್ಬೆರಳು ಆಡಿಸಿದ.

"ಇಷ್ಟಗಲ ಆತೇನು? ಆವಾಗ ಒಂದ ನಾಕಾಣೆ ಪಾವಲಿಯಷ್ಟಿತ್ತು."

"ಅಜ್ಜಾ, ನಿಮಗ ಗೊತ್ತಿತ್ತೇನ್ರಿ?"

"ಟಾಚಣಿ ಸೂಜಿ ಹಚ್ಚಿ ತೋಳ ಅಳತಿ ನೋಡಾಕತ್ತಿದ್ದೆ. ಒಂದು ಒಳಗ ಹೋತು, ಮಾಂಸಕ್ಕ. ನೀ ಮಿಸುಕಾಡಲಿಲ್ಲ. ಎಂಟೊಂಬತ್ತು ವರ್ಷದ ಹುಡುಗ ಅಳಬೇಕಲಾ? ಮತ್ತೊಂದು ಸಲ ಚುಚ್ಚಿದೆ. ನೀ ನನ್ನ ಮಾರಿ ನೋಡಿ ಅಂಜಿದಿ. 'ಅಜ್ಜಾ, ನನಗ್ಯಾಕ ನೋವಾಗವಲ್ದು?' ಅಂದಿ. ಅಳಾಕ ಚಾಲೂ ಮಾಡಿದಿ. ನೋವಾಗಲಿಲ್ಲ ಅಂತ ಅಳೂ ಹುಡುಗನ್ನ ನಾ ಎಂದೂ ನೋಡಿದ್ದಿಲ್ಲ."

"ಯಾಕ ಹೇಳಲಿಲ್ರಿ?"

"ಯಾರಿಗೆ? ನಿಮ್ಮ ಅಪ್ಪಗ? ಸಾಲಿ ಬಿಡಿಸಿ ಹೊಲದಾಗ ಗುಡಿಸಲಾ ಹಾಕಿ ಕೊಡ್ತಿದ್ದ. ಔಷಧ ಐತಿ ಅಂತ ನನಗೇನ್ ಗೊತ್ತು? ತೋಳು ಉದ್ದ ಮಾಡೂದ ಗೊತ್ತಿತ್ತು, ಮಾಡಿದೆ." ಏರಿಸಿದ್ದ ತೋಳು ಇಳಿಸಿ ಗುಂಡಿ ಹಾಕಿದ. "ತಪ್ಪ ಮಾಡೀನೋ ಏನೋ. ಆವಾಗನ ಹೇಳಿದ್ರ ಬೆರಳರೆ ಉಳೀತಿದ್ವೋ ಏನೋ."

ಅವನು ತಪ್ಪು ತನ್ನದೆಂದು ಹೇಳುತ್ತಿದ್ದ. ನಾನು ನನ್ನದನ್ನು ಹೇಳಲೇಬೇಕಾಯಿತು.

"ಅಜ್ಜಾ, ಸರಕಾರದವರಿಗೆ ನಿಮ್ಮ ಹೆಸರ ಹೇಳಿದಾಂವ ನಾನ."

"ಗೊತ್ತೈತಿ."

"ಅವರು ಹೇಳಿದ್ರೇನ್ರಿ?"

"ಇಲ್ಲ. ಆ ಸಾಹೇಬ ಚಾವಡ್ಯಾಗ ಮಂದಿ ಮುಂದ ನಿಲ್ಲಿಸಿ ಕೇಳಿದ, ಸೂಜಿ ಚುಚ್ಚಿಕೊಂಡು ನೋವಿಲ್ಲ ಅಂತಿದ್ದಿ ಹೌದಲ್ಲೋ ಅಂತ. ಆ ಆಟ ನಾ ಹುಟ್ಟಿದಾಗಿಂದ ಒಬ್ಬಗ ತೋರ್ಸೀನಿ. ನಿನ್ನ ಅಳು ನಿಂದರಲಿ ಅಂತ."

"ಮತ್ತ ನೋವು..."

"ಸೂಜಿ ಅಲ್ಲೇನ್ಲೇ ಅದು? ನೋವಾಗದ ಇರ್ತೈತೇನು?"

'ನನಗೂ ನೋವಿಲ್ಲ.' ಆ 'ಊ' ಇಷ್ಟು ವರ್ಷ ನನ್ನ ನೆನಪಿನಲ್ಲೇ ಇತ್ತು. ನಾನು ಅದನ್ನು ಡಾಕ್ಟರಿಗೂ ಹೇಳಿರಬೇಕು. ಅದರ ಅರ್ಥ ನೋಡಿರಲಿಲ್ಲ. ಮೊದಲ ಟಾಚಣಿ ಚುಚ್ಚಿದ್ದು, ನಾನು ಅತ್ತದ್ದು ಈಗ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಅದು ನೆನಪೋ, ಅಜ್ಜ ಹೇಳಿದ ಮೇಲೆ ನಾನು ಕಟ್ಟಿಕೊಂಡದ್ದೋ, ಹೇಳಲಾರೆ. ಅಲ್ಲಿ ನಿಂತಾಗ ನನಗೆ ಅಳು ಬರಲಿಲ್ಲ. ಬರಬೇಕಿತ್ತು ಎಂದು ಮಾತ್ರ ಗೊತ್ತಾಯಿತು.

"ಸರಕಾರದವರು ಏನೂ ಇಲ್ಲ ಅಂತ ಹೇಳಿ ಹೋದ್ರಲ್ರಿ," ಎಂದೆ.

"ಇಲ್ಲ ಅಂತ ಹೇಳಾಕ ವಿಜಾಪುರದಿಂದ ಮನಷ್ಯಾ ಬಂದ ಅಂದ್ರ ಏನರೆ ಇರಾಕಬೇಕು ಅಂತಾರ ಮಂದಿ. ಅರಿವಿ ಮೈಗೆ ಹತ್ತೂದಲಾ? ನಾ ಮುಟ್ಟಿದ್ದು ಯಾರ್ ಉಡ್ತಾರು?"

ನಾನು ಚೀಲದಿಂದ ಕೋರಾ ಅರಿವೆ ತೆಗೆದೆ.

"ಅಂಗಿ ಹೊಲೀರಿ. ಇಲ್ಲೇ, ಕಟ್ಟಿ ಮ್ಯಾಲೆ. ಅರ್ಧ ತೋಳಿಂದು."

ಅವನು ಅರಿವೆಯನ್ನು ಬೆರಳಿನ ನಡುವೆ ತಿಕ್ಕಿ ನೋಡುತ್ತಿದ್ದವನು ನಿಲ್ಲಿಸಿದ.

"ಅರ್ಧ ತೋಳು ಹಾಕ್ಕೊಂಡ್ರ ಮಂದಿ ನೋಡ್ತಾರ."

"ನೋಡ್ಲಿ. ರೋಗ ಯಾರದು ಅಂತ ಕಾಣ್ಲಿ."

"ನಿನ್ನ ಸಾಲಿ?"

"ಹೊಲೀರಿ, ಅಜ್ಜಾ."

ಅವನು ಎದ್ದು ಒಳಗೆ ಹೋದ. ಗೋಣಿತಟ್ಟು ತೆಗೆದ, ಮಷೀನನ್ನು ನಾನು ಒಂದು ಕಡೆ ಹಿಡಿದೆ, ಇಬ್ಬರೂ ಹೊರಗೆ ತಂದೆವು. ಸಂಜೆಯ ತನಕ ನಾನು ಬನಿಯನ್ನಿನಲ್ಲಿ, ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಹಾದಿಯ ಕಡೆ ಮುಖ ಮಾಡಿ ಕುಳಿತೆ. ಜನ ನಿಂತರು. ಕೇಳಿದವರಿಗೆ ಹೇಳಿದೆ: ರೋಗ ನನ್ನದು, ಸಣ್ಣವನಿದ್ದಾಗಿನಿಂದ ಇದೆ, ಅಜ್ಜನಿಗೆ ಎಂದೂ ಇರಲಿಲ್ಲ, ಅವನ ಹೆಸರು ಬರೆಸಿದ್ದು ನನ್ನ ತಪ್ಪು. ಒಬ್ಬಾತ, "ಓದಿದಾವ್ರು ಹಿಂಗ ಮಾಡೂದ?" ಎಂದ. ಹೌದೆಂದೆ. ಆ ದಿನ ಯಾರೂ ಅರಿವೆ ತರಲಿಲ್ಲ.

ಬಬಲೇಶ್ವರದ ಸುದ್ದಿ ವಿಜಾಪುರದ ಸಾಲೆಗೆ ಬರಲು ನಾಲ್ಕು ದಿನ ಸಾಕಾಯಿತು. ವಾಸಿಯಾದ ಕಾಗದ ತರುವ ತನಕ ಬರಬೇಡಿ ಎಂದರು. ಆ ಕಾಗದ ಸ್ವಾತಂತ್ರ್ಯ ಬಂದ ಮೇಲೆ, ಎಣ್ಣೆ ಸೂಜಿ ಹೋಗಿ ಗುಳಿಗೆ ಬಂದ ಮೇಲೆ ಸಿಕ್ಕಿತು. ಅಜ್ಜನ ಗಿರಾಕಿಗಳಲ್ಲಿ ಕೆಲವರು ಆ ವರ್ಷದ ದೀಪಾವಳಿಗೆ ಮರಳಿ ಬಂದರು. ಎಲ್ಲರೂ ಬರಲಿಲ್ಲ. ನನ್ನ ಕಾಗದ ಸಿಗುವ ಮೊದಲೇ ಅವನು ತೀರಿಕೊಂಡ. ಅವನ ಗಂಗಾಳ ನನ್ನ ಹತ್ತಿರವೇ ಇದೆ, ದಿನಾ ಉಣ್ಣುವುದು ಅದರಲ್ಲೇ.

ಬೇವಿನ ಮರದ ಕೆಳಗೆ ಈಗ ಕುಳಿತಿರುವವರಿಗೆ ಒಂದು ಮಾತು. ಯಾರಿಂದ ಬಂತು ಎಂದು ಕೇಳುತ್ತಾರೆ. ಕೇಳುವುದು ಅವರ ಕೆಲಸ. ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಅದೂ ಉತ್ತರವೇ. ತರ್ಕ ಓದಿದ ನನಗೆ ಅದು ಬಾಯಿಗೆ ಬರಲಿಲ್ಲ.

ಬಬಲೇಶ್ವರದಲ್ಲಿ ಅಂದು ಸಂಜೆ ಹೊಸ ಅಂಗಿ ತೊಟ್ಟು ವಿಜಾಪುರದ ಬಸ್ಸು ಹತ್ತಿದ್ದೆ. ದೂರದಲ್ಲಿ ಗುಮ್ಮಟ ಕಾಣುವ ಹೊತ್ತಿಗೆ ಎಡಗಡೆಯ ಹೆಗಲಿಗೆ ಏನೋ ಭಾರ ಅನಿಸಿತು. ಬಲತೋಳು ಹಗುರ, ಎಡತೋಳು ದಪ್ಪ. ಖೋಲಿಗೆ ಬಂದು ಅಂಗಿ ತೆಗೆದು ಒಳಮಗ್ಗುಲು ಮಾಡಿ ನೋಡಿದೆ. ಎಡತೋಳಿನ ಒಳಗೆ ಅರಿವೆಯನ್ನು ಮಡಿಕೆಯ ಮೇಲೆ ಮಡಿಕೆ ಹಾಕಿ, ಎಳೆದರೆ ಬಿಚ್ಚಿಕೊಳ್ಳುವ ಸಡಿಲು ಹೊಲಿಗೆಯಲ್ಲಿ ಅಜ್ಜ ಹಿಡಿದಿದ್ದ. ಬಿಚ್ಚಿದರೆ ಮಣಿಕಟ್ಟು ದಾಟಿ ಬೆರಳ ತುದಿ ಮುಚ್ಚುವಷ್ಟು.

ಅಂಗಿ ಈಗ ಬೆನ್ನಿನಲ್ಲಿ ಹರಿದಿದೆ. ಆ ಹೊಲಿಗೆಯನ್ನು ನಾನು ಬಿಚ್ಚಿಲ್ಲ.